ಸೈಟೇಶನ್ ಎಣಿಸುವ ಮೊದಲು ಹೆಸರು ಸರಿ ಮಾಡಿ: ನರವಿಜ್ಞಾನಿಯ ಪೇಪರ್ ಪಟ್ಟಿ ಓದುವ ಬಗೆ

ಹೊನ್ನವಳ್ಳಿ ರಾಮಪ್ಪ ಸವಿತ. ಲೆಕ್ಕ ತೋರಿಸಲು ಕಟ್ಟಿಕೊಂಡ ಹೆಸರು ಇದು, ಹುಡುಕಲು ಹೋಗಬೇಡಿ. ಊರು, ಅಪ್ಪ, ಆಮೇಲೆ ತಾನು: ಹಳೆ ಮೈಸೂರು ಕಡೆಯ ಹೆಸರುಗಳ ಕ್ರಮವೇ ಹೀಗೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಸವಿತ ಎಚ್. ಆರ್.' ಎಂದಿರುತ್ತದೆ, ಅಲ್ಲಿಗೆ ಯಾರಿಗೂ ತೊಂದರೆಯಿಲ್ಲ. ತೊಂದರೆ ಶುರುವಾಗುವುದು ಜರ್ನಲ್‌ಗೆ ಪೇಪರ್ ಕಳಿಸುವಾಗ. ಪೋರ್ಟಲ್‌ನಲ್ಲಿ 'ಲಾಸ್ಟ್ ನೇಮ್' ಖಾನೆ ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುವುದಿಲ್ಲ. ಒಂದು ಪೇಪರ್‌ನಲ್ಲಿ ಆ ಖಾನೆಗೆ 'ಎಚ್ ಆರ್' ತುಂಬಿದರು. ಇನ್ನೊಂದನ್ನು ಕಳಿಸಿದ ಸಹಲೇಖಕರು ರಾಮಪ್ಪ ಎಂದು ತುಂಬಿದರು. ಮೂರನೆಯದರಲ್ಲಿ ಸವಿತ. ವೈದ್ಯಕೀಯ, ಜೀವವಿಜ್ಞಾನದ ಪೇಪರ್‌ಗಳನ್ನು ಹುಡುಕುವ ಪಬ್‌ಮೆಡ್ ತಾಣದಲ್ಲಿ ಈಗ ಮೂವರಿದ್ದಾರೆ: 'ಎಚ್ ಆರ್ ಎಸ್', 'ರಾಮಪ್ಪ ಎಸ್‌ಎಚ್', 'ಸವಿತ ಎಚ್‌ಆರ್'. ಮೊದಲನೆಯದಂತೂ ಹೆಸರೇ ಅಲ್ಲ, ಮೂರು ಅಕ್ಷರ ಅಷ್ಟೇ.

ಇದರಿಂದ ಆಗುವ ನಷ್ಟ ಎಷ್ಟು ಎಂದು ಅಂಕಿ ಇಟ್ಟೇ ನೋಡೋಣ. ಸವಿತ ಅವರದು 11 ಪೇಪರ್. ಒಂದೊಂದಕ್ಕೆ ಬಂದ ಸೈಟೇಶನ್‌ಗಳನ್ನು, ಅಂದರೆ ಬೇರೆ ಪೇಪರ್‌ಗಳು ಅದನ್ನು ಉಲ್ಲೇಖಿಸಿದ ಸಂಖ್ಯೆಯನ್ನು, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ: 210, 64, 41, 22, 18, 11, 9, 8, 8, 3, 1. ಒಟ್ಟು 395. ಎಚ್-ಇಂಡೆಕ್ಸ್ ಕೈಯಲ್ಲೇ ಲೆಕ್ಕ ಹಾಕಬಹುದು: ಪಟ್ಟಿಯ ಕ್ರಮಸಂಖ್ಯೆ ಮತ್ತು ಸೈಟೇಶನ್ ಎರಡನ್ನೂ ಅಕ್ಕಪಕ್ಕ ಇಟ್ಟು, ಸೈಟೇಶನ್ ಕ್ರಮಸಂಖ್ಯೆಗಿಂತ ಕಡಿಮೆಯಾಗುವವರೆಗೆ ಕೆಳಗಿಳಿಯುತ್ತಾ ಬನ್ನಿ. ಎಂಟನೆಯ ಪೇಪರ್‌ಗೆ 8 ಇದೆ, ಸರಿ. ಒಂಬತ್ತನೆಯದಕ್ಕೂ 8 ಇದೆ, ಅಲ್ಲಿ ಸಾಲದು. ಆದ್ದರಿಂದ ಎಚ್ 8. ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಹೇಳಿಕೊಟ್ಟ ಲೆಕ್ಕ ಇಷ್ಟೇ.

ಈಗ ಇದೇ 11 ಪೇಪರ್ ಮೂರು ಹೆಸರಿಗೆ ಹಂಚಿಹೋಗಿದೆ ಅನ್ನಿ. ಮೊದಲ ಹೆಸರಿಗೆ 64, 22, 11, 8, 3. ಎರಡನೆಯದಕ್ಕೆ 210, 41, 9, 8. ಮೂರನೆಯದಕ್ಕೆ 18 ಮತ್ತು 1. ಎಚ್-ಇಂಡೆಕ್ಸ್ ಕ್ರಮವಾಗಿ 4, 4, 1. ಎಂಟು ಎಲ್ಲೂ ಕಾಣುವುದಿಲ್ಲ. ಆಯ್ಕೆ ಸಮಿತಿಯವರು ಸ್ಕೋಪಸ್ ಎಂಬ ಸೈಟೇಶನ್ ಮಾಹಿತಿಕೋಶ ತೆರೆದು ಮೊದಲು ಸಿಕ್ಕ ಪ್ರೊಫೈಲ್ ನೋಡಿದರೆ ಅವರ ಕಣ್ಣಿಗೆ ಬೀಳುವುದು ನಾಲ್ಕು. ಸಂಶೋಧನೆ ಮಾಡಿದ್ದು ಹತ್ತು ವರ್ಷ, ದಾಖಲೆಯಲ್ಲಿ ಉಳಿದದ್ದು ಅರ್ಧ.

ಮದ್ದು ಗೊತ್ತಿರುವುದೇ, ಹಚ್ಚುವವರು ಕಡಿಮೆ. 2012ರಿಂದ ಇರುವ ಆರ್ಕಿಡ್ ಐಡಿ, ಅಂದರೆ ಸಂಶೋಧಕರ ಗುರುತಿನ ಸಂಖ್ಯೆ, ಉಚಿತ. 16 ಸ್ಥಾನಗಳ ಸಂಖ್ಯೆ, ಕೊನೆಯ ಸ್ಥಾನ ಒಮ್ಮೊಮ್ಮೆ 'ಎಕ್ಸ್' ಆಗಿರುತ್ತದೆ. ಅದು ತಾಳೆ ನೋಡುವ ಅಕ್ಷರ, ತಪ್ಪಾಗಿ ಟೈಪ್ ಆದದ್ದಲ್ಲ. ಆರ್ಕಿಡ್‌ನಲ್ಲಿ ಕೊನೆಯ ಹೆಸರು ಕಡ್ಡಾಯವಲ್ಲ ಎನ್ನುವುದು ನಮ್ಮಂಥ ಹೆಸರಿನವರಿಗೆ ದೊಡ್ಡ ಉಪಕಾರ. 'ಬೇರೆ ಹೆಸರುಗಳು' ಎಂಬ ಜಾಗದಲ್ಲಿ ಇಲ್ಲಿಯವರೆಗೆ ಅಚ್ಚಾದ ಎಲ್ಲ ರೂಪಗಳನ್ನೂ ಹಾಕಿ, ಆ 'ಎಚ್ ಆರ್ ಎಸ್' ಕೂಡ. ಪೇಪರ್ ಕಳಿಸುವಾಗಲೇ ಐಡಿ ಕೊಟ್ಟರೆ ಪ್ರಕಾಶಕರು ಅದನ್ನು ಪೇಪರ್‌ಗಳ ವಿವರ ನೋಂದಾಯಿಸುವ ಕ್ರಾಸ್‌ರೆಫ್ ಸಂಸ್ಥೆಗೆ ದಾಟಿಸುತ್ತಾರೆ. ಒಮ್ಮೆ ಅನುಮತಿ ಕೊಟ್ಟರಾಯಿತು, ಮುಂದಿನ ಪೇಪರ್‌ಗಳು ತಾವಾಗಿಯೇ ಪಟ್ಟಿಗೆ ಬಂದು ಕೂರುತ್ತವೆ. ಹಿಂದಿನವನ್ನು ಮಾತ್ರ ನೀವೇ ಸೇರಿಸಬೇಕು. ಇನ್ನೂ ಮೊದಲ ಪೇಪರ್ ಬರೆಯುತ್ತಿರುವವರಿಗೆ ಒಂದೇ ಮಾತು: ಒಂದು ರೂಪ ಆರಿಸಿಕೊಳ್ಳಿ, ನಿವೃತ್ತಿಯವರೆಗೂ ಅದನ್ನೇ ಬರೆಯಿರಿ. ಮದುವೆಯಾದ ಮೇಲೆ ಆಧಾರ್‌ನಲ್ಲಿ ಹೆಸರು ಬದಲಾದರೂ ಪೇಪರ್‌ನಲ್ಲಿ ಬದಲಾಗಬೇಕೆಂದೇನಿಲ್ಲ.

ಹೆಸರಿನ ನಂತರ ವಿಳಾಸ, ಅಂದರೆ ಪೇಪರ್‌ನಲ್ಲಿ ಲೇಖಕರ ಹೆಸರಿನ ಜೊತೆ ಬರುವ ಸಂಸ್ಥೆಯ ವಿಳಾಸ. ಬೆಂಗಳೂರಿನ ನರವಿಜ್ಞಾನದ ಮಟ್ಟಿಗೆ ಇದು ಹೆಸರಿಗಿಂತ ದೊಡ್ಡ ಗೋಜಲು. 2014ರ ನವೆಂಬರ್ 1ರಂದು ಊರಿನ ಇಂಗ್ಲಿಷ್ ಕಾಗುಣಿತ 'ಬ್ಯಾಂಗಲೋರ್' ಹೋಗಿ 'ಬೆಂಗಳೂರು' ಆಯಿತು. ಪೇಪರ್‌ಗಳಲ್ಲಿ ಇಂದಿಗೂ ಎರಡೂ ಓಡುತ್ತಿವೆ. ನಿಮ್ಹಾನ್ಸ್‌ನ ಪೂರ್ಣ ಹೆಸರಿನಲ್ಲಿ 'ನ್ಯೂರೋ ಸೈನ್ಸಸ್' ಎರಡು ಪದ, ಅರ್ಧ ಜನ ಕೂಡಿಸಿ ಬರೆಯುತ್ತಾರೆ. ಮೇಲಾಗಿ ಅದರ ಮೊದಲ ಐದು ಪದಗಳು ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಮೆಂಟಲ್ ಹೆಲ್ತ್‌ನವೇ (ಎನ್‌ಐಎಮ್‌ಎಚ್). ಆ ಐದು ಪದ ಹಾಕಿ ಹುಡುಕಿದರೆ ಹೊಸೂರು ರಸ್ತೆಯ ಪೇಪರ್ ಜೊತೆ ಮೇರಿಲ್ಯಾಂಡ್‌ನದೂ ಬಲೆಗೆ ಬೀಳುತ್ತದೆ. ಜಿಕೆವಿಕೆ ಆವರಣದ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅಂಗ, ಆದ್ದರಿಂದ ವಿಳಾಸದಲ್ಲಿ ಆ ಹೆಸರೂ ಸೇರುತ್ತದೆ. ಮುಂಬೈ ಕೊಲಾಬಾದ ಸಂಸ್ಥೆಯ ಖಾತೆಗೆ ಪೇಪರ್ ಜಮೆಯಾದರೆ ಆಶ್ಚರ್ಯಪಡಬೇಡಿ. ನಮ್ಮ ಬಸ್ ಕಂಡಕ್ಟರ್ ಬಾಯಲ್ಲಿ 'ಟಾಟಾ ಇನ್‌ಸ್ಟಿಟ್ಯೂಟ್' ಅಂದರೆ ಐಐಎಸ್‌ಸಿ ಎನ್ನುವುದು ಬೇರೆ ಮಾತು. ಡೇಟಾಬೇಸ್ ಆ ಬಸ್ಸು ಹತ್ತಿಲ್ಲ. ಐಐಎಸ್‌ಸಿ ಆವರಣದೊಳಗೇ ಸೆಂಟರ್ ಫಾರ್ ನ್ಯೂರೋಸೈನ್ಸ್ ಎಂಬ ವಿಭಾಗವಿದೆ, ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಎಂಬ ಸ್ವಾಯತ್ತ ಕೇಂದ್ರವೂ ಇದೆ. ಇವೆರಡೂ ಒಂದೇ ಎಂದುಕೊಂಡು ಬರೆದವರ ವಿಳಾಸಗಳೂ ಸಿಗುತ್ತವೆ.

ಇಷ್ಟೆಲ್ಲ ಬದಲಾದರೂ ಬದಲಾಗದ ಒಂದಿದೆ: ಪಿನ್‌ಕೋಡ್. ನಿಮ್ಹಾನ್ಸ್ 560029, ಐಐಎಸ್‌ಸಿ 560012, ಎನ್‌ಸಿಬಿಎಸ್ 560065, ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರ 560064. ಪಬ್‌ಮೆಡ್‌ನ ಅಡ್ವಾನ್ಸ್ಡ್ ಸರ್ಚ್‌ನಲ್ಲಿ ಅಫಿಲಿಯೇಶನ್ (ಸಂಸ್ಥೆಯ ವಿಳಾಸ) ಕ್ಷೇತ್ರ ಆರಿಸಿ ಪಿನ್ ಹಾಕಿ, ಜೊತೆಗೆ ಲೇಖಕರ ಹೆಸರಿನ ಒಂದು ತುಂಡು ಸೇರಿಸಿ. '560 029' ಎಂದು ನಡುವೆ ಜಾಗ ಬಿಟ್ಟು ಬರೆದವರೂ ಇದ್ದಾರೆ, ಉದ್ಧರಣ ಚಿಹ್ನೆಯೊಳಗೆ ಅದನ್ನೂ ಒಮ್ಮೆ ಹಾಕಿ ನೋಡಿ. ಪಿನ್ ಬರೆಯದೇ ಬಿಟ್ಟವರು ಈ ಜಾಲರಿಯಲ್ಲಿ ಸೋರಿಹೋಗುತ್ತಾರೆ, ಅದಕ್ಕೆ ಊರಿನ ಎರಡೂ ಕಾಗುಣಿತ ಹಾಕಿ ಇನ್ನೊಂದು ಸುತ್ತು ಹುಡುಕಬೇಕು. ಇಲ್ಲೊಂದು ಗುಂಡಿ ಇದೆ. 2014ಕ್ಕಿಂತ ಮೊದಲು ಪಬ್‌ಮೆಡ್ ಮೊದಲ ಲೇಖಕರ ವಿಳಾಸ ಮಾತ್ರ ಇಟ್ಟುಕೊಳ್ಳುತ್ತಿತ್ತು. ಸವಿತ 2010ರ ಪೇಪರ್‌ನಲ್ಲಿ ಮೂರನೆಯ ಲೇಖಕಿ, ಮೊದಲನೆಯವರು ದೆಹಲಿಯವರು ಎಂದಾದರೆ ಬೆಂಗಳೂರು ಎಂದು ಎಷ್ಟು ಹುಡುಕಿದರೂ ಆ ಪೇಪರ್ ಸಿಗುವುದಿಲ್ಲ. ಹಳೆಯ ಪೇಪರ್‌ಗಳನ್ನು ಸಹಲೇಖಕರ ಹೆಸರಿನಿಂದಲೇ ಹುಡುಕಬೇಕು.

ಇಷ್ಟಾದ ಮೇಲೆ ಎಣಿಕೆ. ಮೂರು ಕಡೆ ಎಣಿಸಿದರೆ ಮೂರು ಉತ್ತರ ಬರುತ್ತದೆ, ಮೂರೂ ಅವುಗಳ ಮಟ್ಟಿಗೆ ಸರಿ. ಗೂಗಲ್ ಸ್ಕಾಲರ್ ಕಣ್ಣಿಗೆ ಬಿದ್ದದ್ದನ್ನೆಲ್ಲ ಎಣಿಸುತ್ತದೆ: ಥೀಸಿಸ್, ಪ್ರಿಪ್ರಿಂಟ್ (ಜರ್ನಲ್‌ನ ವಿಮರ್ಶೆಗೆ ಮೊದಲೇ ಹಂಚಿಕೊಂಡ ಪ್ರತಿ), ಯಾರೋ ವೆಬ್‌ಸೈಟಿಗೆ ಹಾಕಿದ ಪಿಡಿಎಫ್. ಆದ್ದರಿಂದ ಅದರ ಸಂಖ್ಯೆ ಸಾಮಾನ್ಯವಾಗಿ ಎಲ್ಲಕ್ಕಿಂತ ದೊಡ್ಡದು. 2010ರಲ್ಲಿ ಫ್ರಾನ್ಸ್‌ನ ಸಿರಿಲ್ ಲಾಬ್ಬೆ ಎಂಬ ಕಂಪ್ಯೂಟರ್ ವಿಜ್ಞಾನಿ 'ಐಕ್ ಆಂಟ್‌ಕೇರ್' ಎಂಬ ಇಲ್ಲದ ಮನುಷ್ಯನನ್ನು ಹುಟ್ಟಿಸಿ, ಸಾಫ್ಟ್‌ವೇರ್ ಬರೆದ ನೂರು ಚಿಲ್ಲರೆ ಪೊಳ್ಳು ಪೇಪರ್‌ಗಳು ಒಂದನ್ನೊಂದು ಉಲ್ಲೇಖಿಸುವಂತೆ ಮಾಡಿ, ಅವನಿಗೆ 94ರ ಎಚ್-ಇಂಡೆಕ್ಸ್ ಕೊಡಿಸಿದ. ಆ ಹೆಸರನ್ನು ಬೇಗ ಬೇಗ ಇಂಗ್ಲಿಷಿನಲ್ಲಿ ಹೇಳಿ ನೋಡಿ, 'ಐ ಕಾಂಟ್ ಕೇರ್', ಅಂದರೆ 'ನನಗೇನು' ಎಂದು ಕೇಳಿಸುತ್ತದೆ. ಸ್ಕೋಪಸ್ ಮತ್ತು ಅಂಥದೇ ಮಾಹಿತಿಕೋಶವಾದ ವೆಬ್ ಆಫ್ ಸೈನ್ಸ್ ತಮ್ಮ ಪಟ್ಟಿಯೊಳಗಿನ ಪ್ರಕಟಣೆಗಳನ್ನು ಮಾತ್ರ ನೋಡುತ್ತವೆ, ಅದಕ್ಕೇ ಕಡಿಮೆ ತೋರಿಸುತ್ತವೆ. ಹಾಗೆಂದು ಕಡಿಮೆಯದೆಲ್ಲ ಶುದ್ಧ ಎಂದೇನಲ್ಲ. ಭಾರತದಲ್ಲಿ ಮೆದುಳಿನ ಗಾಯ, ಮರೆವು, ಅಪಸ್ಮಾರದ ರೋಗಿಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಬಳಸುವ 2004ರ ನಿಮ್ಹಾನ್ಸ್ ನ್ಯೂರೋಸೈಕಾಲಜಿ ಬ್ಯಾಟರಿ ಒಂದು ಕೈಪಿಡಿ. ಜರ್ನಲ್ ಪೇಪರ್ ಅಲ್ಲ. ಸ್ಕೋಪಸ್‌ನ ಎಚ್-ಇಂಡೆಕ್ಸ್‌ಗೆ ಬರುವುದು ಅದರಲ್ಲಿ ದಾಖಲಾದ ಪ್ರಕಟಣೆಗಳು ಮಾತ್ರ. ದೇಶವಿಡೀ ಬಳಸುವ ಉಪಕರಣ ಮಾಡಿಕೊಟ್ಟರೂ ಆ ಲೆಕ್ಕದಲ್ಲಿ ಸೊನ್ನೆ.

ಸ್ಕಾಲರ್ ಪ್ರೊಫೈಲ್ ಇಟ್ಟುಕೊಂಡವರು ಒಂದು ಸೆಟ್ಟಿಂಗ್ ಇವತ್ತೇ ಬದಲಿಸಿ: ಹೊಸ ಲೇಖನಗಳನ್ನು 'ತಾನಾಗಿ ಸೇರಿಸು' ಎಂದಿರುವುದನ್ನು 'ಇಮೇಲ್ ಕಳಿಸಿ ಕೇಳು' ಎಂದು ಮಾಡಿ. ಇಲ್ಲದಿದ್ದರೆ ಅದೇ ಇನಿಷಿಯಲ್ ಇರುವ ಯಾರದೋ ಕಾಂಕ್ರೀಟ್ ಸಾಮರ್ಥ್ಯದ ಪೇಪರ್ ಮೆದುಳಿನ ಹಿಪೊಕ್ಯಾಂಪಸ್ ಭಾಗದ ಬಗ್ಗೆ ನೀವು ಬರೆದ ಪೇಪರ್ ಪಕ್ಕದಲ್ಲಿ ಬಂದು ಕೂರುತ್ತದೆ. 'ಕುಮಾರ್ ಎಸ್' ಎಂಬ ಹೆಸರಿನವರ ಪಾಡು ಹೇಳತೀರದು. ಬೇರೆಯವರ ಪೇಪರ್ ನಿಮ್ಮ ಪಟ್ಟಿಯಲ್ಲಿದ್ದರೆ ನೋಡುವವರಿಗೆ ಅದು ಮರೆವಲ್ಲ, ಮೋಸ ಎಂದು ಕಾಣುತ್ತದೆ. ಸ್ಕಾಲರ್‌ನಲ್ಲಿ ಸೈಟೇಶನ್ ಸಂಖ್ಯೆಯ ಪಕ್ಕ ನಕ್ಷತ್ರ ಚಿಹ್ನೆ ಇದ್ದರೆ ಬೇರೆ ಲೇಖನದ ಸೈಟೇಶನ್ ಬೆರೆತಿರಬಹುದು ಎಂದರ್ಥ, ತೆರೆದು ಬೇರ್ಪಡಿಸಿ. ಬಯೋಆರ್‌ಕೈವ್ ಎಂಬ ತಾಣದಲ್ಲಿ ಪ್ರಿಪ್ರಿಂಟ್ ಹಾಕಿ, ವಿಮರ್ಶಕರ ಮಾತಿಗೆ ಶೀರ್ಷಿಕೆ ಬದಲಿಸಿ, ಆಮೇಲೆ ಜರ್ನಲ್‌ನಲ್ಲಿ ಅಚ್ಚು ಮಾಡಿದ್ದರೆ ಎರಡಕ್ಕೂ ಕೊಂಡಿ ಬೀಳದೇ ಹೋಗುವುದುಂಟು. ಬಯೋಆರ್‌ಕೈವ್ ಪುಟದಲ್ಲಿ 'ಈಗ ಪ್ರಕಟವಾಗಿದೆ' ಎಂಬ ಸಾಲು ಬಂದಿದೆಯಾ ನೋಡಿ. ಬಂದಿಲ್ಲವಾದರೆ ಅವರಿಗೆ ಬರೆದರೆ ಹಾಕುತ್ತಾರೆ. ಸ್ಕಾಲರ್‌ನಲ್ಲಿ ಎರಡನ್ನೂ ಆರಿಸಿ 'ಮರ್ಜ್' ಒತ್ತಿದರೆ ಮುಗಿಯಿತು.

ಮತ್ತೆ ಸವಿತ ಅವರ ಪಟ್ಟಿಗೆ ಬನ್ನಿ. ಎಚ್ 8 ಎಂದೆವಲ್ಲ, ಅದು ಎಷ್ಟು ಗಟ್ಟಿ? ಎಂಟು ಮತ್ತು ಒಂಬತ್ತನೆಯ ಪೇಪರ್‌ಗಳಿಗೆ ತಲಾ ಒಂದು ಸೈಟೇಶನ್ ಹೆಚ್ಚು ಬಂದರೆ ಒಂಬತ್ತು ಪೇಪರ್‌ಗೆ ಕನಿಷ್ಠ 9 ಆಗಿ ಎಚ್ 9ಕ್ಕೆ ಏರುತ್ತದೆ. ಅದೇ ಎರಡು ಪೇಪರ್‌ಗಳ ಒಂದೊಂದು ಸೈಟೇಶನ್ ಅವರದೇ ಲ್ಯಾಬಿನಿಂದ ಬಂದದ್ದು ಎಂದು ಕಳೆದರೆ 7, 7 ಆಗಿ ಎಚ್ 7ಕ್ಕೆ ಇಳಿಯುತ್ತದೆ. ಎರಡೇ ಎರಡು ಉಲ್ಲೇಖ, ಏಳು ಒಂಬತ್ತರ ನಡುವೆ ಓಲಾಟ. ಸ್ಕೋಪಸ್‌ನಲ್ಲಿ ಸ್ವಂತ ಉಲ್ಲೇಖ ಬಿಟ್ಟು ಲೆಕ್ಕ ಹಾಕುವ ಆಯ್ಕೆ ಇದೆ, ಒಮ್ಮೆ ಒತ್ತಿ ನೋಡಿ. ಸಮಿತಿಯಲ್ಲಿ ಕೂತವರಲ್ಲಿ ಒಬ್ಬರಾದರೂ ಒತ್ತಿರುತ್ತಾರೆ. ಸ್ವಂತ ಪೇಪರ್ ಉಲ್ಲೇಖಿಸುವುದು ತಪ್ಪಲ್ಲ. ಒಂದೇ ಇಲಿ ಮಾದರಿಯ ಮೇಲೆ ಐದು ವರ್ಷ ಕೆಲಸ ಮಾಡುವ ಲ್ಯಾಬ್ ಹಿಂದಿನ ವಿಧಾನವನ್ನು ಉಲ್ಲೇಖಿಸದೆ ಬರೆಯುವುದಾದರೂ ಹೇಗೆ?

ಇನ್ನು ಆ 210. ಅದು ಇನ್ನೂರು ಮುನ್ನೂರು ಲೇಖಕರಿರುವ ಅಂತರರಾಷ್ಟ್ರೀಯ ಒಕ್ಕೂಟದ ಪೇಪರ್ ಆಗಿರಬಹುದು: ಜಾಗತಿಕ ರೋಗಭಾರದ ಅಂದಾಜು, ಅಥವಾ ಹತ್ತಾರು ಕೇಂದ್ರಗಳ ಎಮ್‌ಆರ್‌ಐ ಕೂಡಿಸಿದ ಅಧ್ಯಯನ. ಅದನ್ನು ತೆಗೆದರೆ ಒಟ್ಟು 395ರಿಂದ 185ಕ್ಕೆ ಕುಸಿಯುತ್ತದೆ. ಎಚ್ ಮಾತ್ರ 8ರಲ್ಲೇ ನಿಲ್ಲುತ್ತದೆ, ಬೇಕಿದ್ದರೆ ಬೆರಳೆಣಿಸಿ ನೋಡಿ. ಎಚ್-ಇಂಡೆಕ್ಸ್‌ನ ಗುಣವೂ ಇದೇ, ದೋಷವೂ ಇದೇ: ಒಂದು ದೈತ್ಯ ಪೇಪರ್ ಅದನ್ನು ಅಲ್ಲಾಡಿಸುವುದಿಲ್ಲ, ಅದು ನಿಜವಾಗಿ ನಿಮ್ಮದೇ ಆಗಿದ್ದರೂ ಕೂಡ. ಒಟ್ಟು ಸೈಟೇಶನ್ ಮಾತ್ರ ಹೇಳುವವರನ್ನು ಕಂಡರೆ ಮೊದಲು ಪಟ್ಟಿಯ ತಲೆಯಲ್ಲಿರುವ ಪೇಪರ್ ತೆರೆದು ಲೇಖಕರನ್ನು ಎಣಿಸಿ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಆಗಿರಬಹುದು, ಅಲ್ಲದೆಯೂ ಇರಬಹುದು. ನೂರು ರೋಗಿಗಳ ಮಾಹಿತಿ ಮೂರು ವರ್ಷ ಕಲೆಹಾಕಿ ಕೊಟ್ಟವರ ಹೆಸರು 87ನೆಯ ಸ್ಥಾನದಲ್ಲಿ ಇರುತ್ತದೆ. ಅದಕ್ಕೇ 'ಕ್ರೆಡಿಟ್' ಎಂಬ 14 ಪಾತ್ರಗಳ ಪಟ್ಟಿ ಬಂದದ್ದು. ಪೇಪರ್‌ನ ಕೊನೆಯಲ್ಲಿ ಯಾರು ಪರಿಕಲ್ಪನೆ, ಯಾರು ಸಾಫ್ಟ್‌ವೇರ್, ಯಾರು ಮಾಹಿತಿ ಸಂಗ್ರಹ ಎಂದಿರುತ್ತದೆ. ಸಂಖ್ಯೆ ನೋಡುವ ಸಮಯದ ಅರ್ಧವನ್ನು ಆ ನಾಲ್ಕು ಸಾಲಿಗೆ ಕೊಡಿ.

ಲೇಖಕರ ಸ್ಥಾನದ ಲೆಕ್ಕ ನರವಿಜ್ಞಾನದಲ್ಲಿ ಜೀವವಿಜ್ಞಾನದಂತೆಯೇ. ಮೊದಲ ಹೆಸರು ಕೆಲಸ ಮಾಡಿದವರದು, ಕೊನೆಯದು ಲ್ಯಾಬಿನ ಯಜಮಾನರದು, ನಡುವಿನವರು ನಡುವಿನವರೇ. ಗಣಿತದಿಂದ ಬಂದು ನರಜಾಲದ ಮಾದರಿ ಕಟ್ಟುವವರು ಅಕಾರಾದಿಯಲ್ಲಿ ಹೆಸರು ಹಾಕಿದರೆ ಈ ಓದು ಕೆಲಸಕ್ಕೆ ಬಾರದು. 'ಇಬ್ಬರೂ ಸಮಾನ ಕೊಡುಗೆ' ಎಂಬ ನಕ್ಷತ್ರ ಪಬ್‌ಮೆಡ್‌ನ ಪಟ್ಟಿಯಲ್ಲಿ ಎದ್ದು ಕಾಣುವುದಿಲ್ಲ, ಎರಡನೆಯ ಹೆಸರಿನವರು ಸಿವಿಯಲ್ಲಿ ತಾವೇ ಬರೆದುಕೊಳ್ಳಬೇಕು.

ಕ್ಷೇತ್ರದೊಳಗಿನ ಕ್ಷೇತ್ರವೂ ಮುಖ್ಯ. ಅಲ್ಝೈಮರ್ ಅಥವಾ ಎಫ್‌ಎಮ್‌ಆರ್‌ಐ (ಮೆದುಳು ಕೆಲಸ ಮಾಡುವುದನ್ನು ನೋಡುವ ಸ್ಕ್ಯಾನ್) ಎಂದರೆ ಜಗತ್ತಿನ ತುಂಬ ಜನ. ಮಿಡತೆಯ ವಾಸನೆ ಗ್ರಹಿಕೆಯ ಮೇಲೆ ಕೆಲಸ ಮಾಡುವವರು ಬೆರಳೆಣಿಕೆ, ಅವರ ಒಳ್ಳೆಯ ಪೇಪರ್‌ಗೂ 40 ಬಂದರೆ ಹಬ್ಬ. ಇವರಿಬ್ಬರ ಎಚ್ ಅನ್ನು ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ. ಇದಕ್ಕೆ ಕೈಗೆಟುಕುವ ಸಾಧನವೆಂದರೆ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಉಚಿತವಾಗಿ ನಡೆಸುವ 'ಐಸೈಟ್'. ಪೇಪರ್‌ಗಳ ಪಬ್‌ಮೆಡ್ ಸಂಖ್ಯೆಗಳನ್ನು ಅಂಟಿಸಿದರೆ ಒಂದೊಂದಕ್ಕೂ 'ರಿಲೇಟಿವ್ ಸೈಟೇಶನ್ ರೇಶಿಯೋ' ಕೊಡುತ್ತದೆ. ಆ ಪೇಪರ್ ಜೊತೆಗೆ ಬೇರೆಯವರು ಯಾವ ಯಾವ ಪೇಪರ್ ಉಲ್ಲೇಖಿಸಿದ್ದಾರೋ ಅವೇ ಅದರ ಕ್ಷೇತ್ರ ಎಂದು ಹಿಡಿದು ಲೆಕ್ಕ ಹಾಕುತ್ತದೆ. 1.0 ಎಂದರೆ ಎನ್‌ಐಎಚ್ ಹಣದಲ್ಲಿ ಬಂದ ಪೇಪರ್‌ಗಳ ನಡುಮಟ್ಟ. ಮಿಡತೆಯ 40 ಅಲ್ಲಿ 2 ದಾಟಬಹುದು, ಎಫ್‌ಎಮ್‌ಆರ್‌ಐನ 60 ಒಂದರ ಕೆಳಗೇ ಉಳಿಯಬಹುದು. ಹೊಸ ಪೇಪರ್‌ಗಳಿಗೆ ಮಾತ್ರ ಈ ಸಂಖ್ಯೆ ನಂಬಬೇಡಿ, ಒಂದೆರಡು ವರ್ಷ ಹೋಗಲಿ.

ಸೈಟೇಶನ್ ಎಂದರೆ ಹೊಗಳಿಕೆ ಎಂದು ಹಿಡಿಯುವುದೂ ತಪ್ಪು. ಮೆದುಳು ಸ್ಕ್ಯಾನ್ ಮಾಡುವ ಅನೇಕ ಅಧ್ಯಯನಗಳಲ್ಲಿ 'ಭಾಗವಹಿಸಿದವರು ಬಲಗೈ ಬಳಸುವವರು' ಎಂಬ ಸಾಲಿನ ಪಕ್ಕ ಓಲ್ಡ್‌ಫೀಲ್ಡ್ 1971 ಎಂದಿರುತ್ತದೆ. ಎಡಿನ್‌ಬರೋ ಕೈಬಳಕೆ ಪ್ರಶ್ನಾವಳಿ ಅದು. ಅದರ ವಾದವನ್ನು ಯಾರೂ ಚರ್ಚಿಸುತ್ತಿಲ್ಲ, ಸಾಧನವಾಗಿ ಬಳಸುತ್ತಿದ್ದಾರೆ ಅಷ್ಟೇ. ಅದೇ 1971ರಲ್ಲಿ ಇಲಿಯ ಹಿಪೊಕ್ಯಾಂಪಸ್‌ನಲ್ಲಿ ಜಾಗ ಗುರುತಿಸುವ ಜೀವಕೋಶಗಳ ಬಗ್ಗೆ ಓಕೀಫ್ ಮತ್ತು ದೊಸ್ಟ್ರೊವ್ಸ್ಕಿ ಬರೆದ ಪೇಪರ್ ಐದೇ ಪುಟ. ಓಕೀಫ್‌ಗೆ ನೊಬೆಲ್ ಬಂದದ್ದು 2014ರಲ್ಲಿ. ಎರಡು ವರ್ಷದ ಕಿಟಕಿಯಲ್ಲಿ ಇಂಥದನ್ನು ಅಳೆಯಲು ಕೂತರೆ ಏನು ಸಿಕ್ಕೀತು?

ಒಬ್ಬರ ಪ್ರಭಾವ ತಿಳಿಯಬೇಕಿದ್ದರೆ ಅವರ ಒಂದು ಪೇಪರ್ ಆರಿಸಿ, ಅದನ್ನು ಉಲ್ಲೇಖಿಸಿದ ಹತ್ತು ಪೇಪರ್ ತೆರೆದು, ಆ ಉಲ್ಲೇಖ ಯಾವ ಸಾಲಿನಲ್ಲಿದೆ ನೋಡಿ. ಪೀಠಿಕೆಯಲ್ಲಿ 'ಹೀಗೆಂದು ಹಿಂದೆ ತೋರಿಸಲಾಗಿದೆ' ಎಂದು ಉಲ್ಲೇಖ ಸಂಖ್ಯೆ 12ರಿಂದ 19ರವರೆಗೆ ಎಂಟು ಪೇಪರ್‌ಗಳನ್ನು ಒಟ್ಟಿಗೆ ಕಟ್ಟಿಹಾಕಿದ್ದರೆ ಅದು ಮದುವೆ ಮನೆಯ ಹಾಜರಿ. ವಿಧಾನದ ಭಾಗದಲ್ಲಿ 'ಇವರ ಕ್ರಮದಂತೆ ಮೆದುಳಿನ ಸ್ಲೈಸ್ 300 ಮೈಕ್ರಾನ್ ದಪ್ಪಕ್ಕೆ ಕತ್ತರಿಸಿದೆವು' ಎಂದಿದ್ದರೆ ಬಳಕೆ. ಚರ್ಚೆಯ ಭಾಗದಲ್ಲಿ 'ನಮ್ಮ ಫಲಿತಾಂಶ ಇವರದಕ್ಕೆ ವಿರುದ್ಧ' ಎಂದು ಒಂದು ಪ್ಯಾರಾ ಬರೆದಿದ್ದರೆ, ನನ್ನ ಲೆಕ್ಕದಲ್ಲಿ ಅದು ಹತ್ತು ಹಾಜರಿಗೆ ಸಮ. ಇದಕ್ಕೆ ಹಿಡಿಯುವುದು ಒಂದು ಗಂಟೆ.

ವಿರೋಧವೂ ಎಣಿಕೆಗೆ ಸೇರುತ್ತದೆ, ತಪ್ಪೂ ಸೇರುತ್ತದೆ. 2006ರಲ್ಲಿ 'ನೇಚರ್'ನಲ್ಲಿ ಬಂದ, ಅಲ್ಝೈಮರ್‌ನ ಮರೆವಿಗೆ ಅಮಿಲಾಯ್ಡ್ ಪ್ರೋಟೀನಿನ ಒಂದು ನಿರ್ದಿಷ್ಟ ರೂಪ ಕಾರಣವೆಂದ ಪೇಪರ್, ಚಿತ್ರಗಳನ್ನು ತಿದ್ದಿದ್ದಾರೆಂಬ ತಕರಾರಿನ ನಂತರ 2024ರ ಜೂನ್‌ನಲ್ಲಿ ಹಿಂತೆಗೆಯಲ್ಪಟ್ಟಿತು. ಅಷ್ಟರಲ್ಲಿ ಅದಕ್ಕೆ ಸುಮಾರು 2,500 ಉಲ್ಲೇಖ ಬಂದಿತ್ತು. ಆ ಉಲ್ಲೇಖಗಳು ಅಳಿಸಿಹೋಗುವುದಿಲ್ಲ. ಸ್ವಂತ ಪೇಪರ್ ಬರೆಯುವಾಗ ಉಲ್ಲೇಖಗಳನ್ನು ಜೋಡಿಸಿಡುವ ಜೊಟೆರೊ ತಂತ್ರಾಂಶ ಬಳಸಿದರೆ ಹಿಂತೆಗೆದ ಪೇಪರ್ ಪಕ್ಕ ಕೆಂಪು ಎಚ್ಚರಿಕೆ ತೋರಿಸುತ್ತದೆ. ಹಿಂತೆಗೆದ ಪೇಪರ್‌ಗಳನ್ನು ಪಟ್ಟಿ ಮಾಡುವ ರಿಟ್ರಾಕ್ಷನ್ ವಾಚ್ ಮಾಹಿತಿಕೋಶ 2023ರಿಂದ ಕ್ರಾಸ್‌ರೆಫ್ ಕೈಯಲ್ಲಿದೆ, ಎಲ್ಲರಿಗೂ ಮುಕ್ತ.

ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಂದಿನ ಎರಡು ವರ್ಷದ ಲೇಖನಗಳಿಗೆ ಈ ವರ್ಷ ಬಂದ ಉಲ್ಲೇಖಗಳನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿದ್ದು ಅದು. ಜರ್ನಲ್‌ನ ಸರಾಸರಿ, ನಿಮ್ಮ ಪೇಪರ್‌ನ ಅಂಕ ಅಲ್ಲ. 'ಜರ್ನಲ್ ಆಫ್ ನ್ಯೂರೋಸೈನ್ಸ್' ಇತ್ತೀಚೆಗೆ ನಾಲ್ಕರ ಆಸುಪಾಸಿನಲ್ಲಿದೆ, ನರವಿಜ್ಞಾನಿಗಳ ಮನೆಮಾತಿನ ಜರ್ನಲ್ ಅದು. ವಿಮರ್ಶೆಯಾದ ಮೇಲೆ ಪೇಪರ್‌ಗಳನ್ನು ಸ್ವೀಕರಿಸುವ, ತಿರಸ್ಕರಿಸುವ ಪದ್ಧತಿಯನ್ನೇ 2023ರಲ್ಲಿ ಕೈಬಿಟ್ಟ 'ಈಲೈಫ್' 2025ರಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರನ್ನೇ ಕಳೆದುಕೊಂಡಿತು. ಒಳಗಿನ ಪೇಪರ್‌ಗಳು ಅವೇ. 2023ರ ಏಪ್ರಿಲ್‌ನಲ್ಲಿ 'ನ್ಯೂರೋಇಮೇಜ್' ಸಂಪಾದಕರು ಪ್ರಕಟಣಾ ಶುಲ್ಕ 3,450 ಡಾಲರ್ ಅತಿಯಾಯಿತೆಂದು ಒಟ್ಟಾಗಿ ರಾಜೀನಾಮೆ ಕೊಟ್ಟು 'ಇಮೇಜಿಂಗ್ ನ್ಯೂರೋಸೈನ್ಸ್' ಶುರು ಮಾಡಿದರು. ಹೊಸ ಜರ್ನಲ್‌ಗೆ ಮೊದಲ ವರ್ಷಗಳಲ್ಲಿ ಆ ಸಂಖ್ಯೆ ಇರುವುದೇ ಇಲ್ಲ.

ಆದರೆ ಸಂಖ್ಯೆ ಬೇಡವೆನ್ನುವ ಸ್ವಾತಂತ್ರ್ಯ ಎಲ್ಲರಿಗೂ ಇಲ್ಲ. ಯುಜಿಸಿಯ 2018ರ ನಿಯಮದಂತೆ ವಿಜ್ಞಾನದ ಅಧ್ಯಾಪಕರಿಗೆ ಒಂದು ಪೇಪರ್‌ಗೆ 8 ಅಂಕ, ಇಂಪ್ಯಾಕ್ಟ್ ಫ್ಯಾಕ್ಟರ್ 2ರಿಂದ 5ರೊಳಗಿದ್ದರೆ ಮೇಲೆ 20. ಇಬ್ಬರಿಗಿಂತ ಹೆಚ್ಚು ಲೇಖಕರಿದ್ದರೆ ಮೊದಲ ಅಥವಾ ಕರೆಸ್ಪಾಂಡಿಂಗ್ (ಪತ್ರವ್ಯವಹಾರದ ಹೊಣೆ ಹೊತ್ತ) ಲೇಖಕರಿಗೆ 70 ಶೇಕಡಾ, ಉಳಿದವರಿಗೆ ತಲಾ 30. ಅಂದರೆ 28ರಲ್ಲಿ 19.6 ಮತ್ತು 8.4. ಹಾಗಾಗಿ ವಿಶ್ವವಿದ್ಯಾಲಯದ ಹುದ್ದೆಗೆ ಒಂದು ಪಟ್ಟಿ, ಸಂಶೋಧನೆಗೆ ಹಣ ಕೊಡುವ ಇಂಡಿಯಾ ಅಲಯನ್ಸ್‌ನ ಫೆಲೋಶಿಪ್ ತರಹದ ಅರ್ಜಿಗೆ ಇನ್ನೊಂದು ಪಟ್ಟಿ ಬೇಕಾಗುತ್ತದೆ. ಫೆಲೋಶಿಪ್ ಅರ್ಜಿಯಲ್ಲಿ ಜರ್ನಲ್ ಹೆಸರಿಗಿಂತ ಪೇಪರ್ ಏನು ಹೇಳಿತು, ಅದರಲ್ಲಿ ನೀವು ಮಾಡಿದ್ದೇನು ಎಂಬುದನ್ನು ಬಿಡಿಸಿ ಬರೆದರೆ ಲಾಭ.

ಯಾವುದೇ ಪಟ್ಟಿಯಾಗಲಿ, ಸಂಖ್ಯೆಯ ಪಕ್ಕ ಮೂಲ ಮತ್ತು ದಿನಾಂಕ ಇರಲಿ: 'ಸ್ಕೋಪಸ್, ಇಂಥ ದಿನ: 11 ಪ್ರಕಟಣೆ, 395 ಉಲ್ಲೇಖ, ಒಕ್ಕೂಟದ ಒಂದು ಪೇಪರ್ ಬಿಟ್ಟರೆ 185, ಎಚ್ 8.' ಅರ್ಜಿಯಲ್ಲಿ ಸ್ಕಾಲರ್‌ನ ಸಂಖ್ಯೆ ಬರೆದು ಕೆಳಗೆ ಸ್ಕೋಪಸ್ ಲಿಂಕ್ ಕೊಡುವ ತಪ್ಪು ಬಹಳ ಸಾಮಾನ್ಯ, ಎರಡೂ ತಾಳೆಯಾಗದೆ ಅನುಮಾನ ಹುಟ್ಟುತ್ತದೆ. ಸ್ಕೋಪಸ್‌ನಲ್ಲಿ ಒಡೆದುಹೋದ ಪ್ರೊಫೈಲ್‌ಗಳನ್ನು ಕೂಡಿಸಲು ಚಂದಾ ಬೇಕಿಲ್ಲ, ಉಚಿತ ಲೇಖಕ ಹುಡುಕಾಟದಲ್ಲೇ ತಿದ್ದುಪಡಿ ಕೋರಬಹುದು. ಕೂಡಿಸುವುದು ಸುಲಭ, ಇಬ್ಬರು ಬೇರೆ ಬೇರೆ ಮನುಷ್ಯರು ಒಂದಾಗಿಹೋಗಿದ್ದರೆ ಬಿಡಿಸುವುದೇ ಕಷ್ಟ. ಬದಲಾವಣೆ ಅದೇ ದಿನ ಕಾಣಿಸುವುದಿಲ್ಲ, ವಾರಗಳು ಹಿಡಿಯಬಹುದು. ಅರ್ಜಿಯ ಕೊನೆಯ ದಿನಕ್ಕೆ ಎರಡು ತಿಂಗಳಿದೆ ಅನ್ನುವಾಗಲೇ ಶುರು ಮಾಡಿ, ಸರಿಯಾದ ದಿನ ಆ ಪುಟವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಸಂದರ್ಶನದ ಹೊತ್ತಿಗೆ ಸಂಖ್ಯೆ ಬದಲಾಗಿರುತ್ತದೆ, ಅರ್ಜಿಯಲ್ಲಿ ಬರೆದದ್ದು ಎಲ್ಲಿಂದ ಬಂತು ಎಂದು ಕೇಳಿದರೆ ತೋರಿಸಲು ಕೈಯಲ್ಲಿ ಏನಾದರೂ ಇರಬೇಕಲ್ಲ.